2013–14ರ ಐ-ಲೀಗ್ ಋತು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು ಎಫ್‌ಸಿ ಹುಟ್ಟಿದ ವರ್ಷದಲ್ಲೇ ದೇಶದ ಫುಟ್‌ಬಾಲ್ ಚಾಂಪಿಯನ್ ಆದ ಋತುವೆಂದೇ 2013–14ರ ಐ-ಲೀಗ್ ಕನ್ನಡ ಓದುಗರ ನೆನಪಿನಲ್ಲಿದೆ. ಆದರೆ ಆ ಋತುವಿಗೆ ಮುನ್ನ ಎರಡು ತಂಡಗಳನ್ನೂ ಅದು ಮುಗಿದ ಮೇಲೆ ಮೂರು ತಂಡಗಳನ್ನೂ ಲೀಗ್‌ನಿಂದ ಹೊರಗಿಟ್ಟದ್ದು ಸೋಲುಗಳಲ್ಲ, ಲೀಗ್‌ನಲ್ಲಿ ಆಡಲು ಕ್ಲಬ್‌ಗಳು ಪಡೆಯಬೇಕಾದ ಲೈಸೆನ್ಸಿನ ನಿಯಮಗಳು. ಈ ಪುಟದ ಉತ್ತರಗಳು ಪ್ರಶಸ್ತಿ ಮತ್ತು ಲೈಸೆನ್ಸ್ ಎರಡನ್ನೂ ಕುರಿತವು, ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಆ ವರ್ಷದ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಐ-ಲೀಗ್ ಆಗ ದೇಶದ ಅಗ್ರ ಲೀಗ್ ಆಗಿತ್ತೇ?

ಹೌದು. ಪುರುಷರ ಫುಟ್‌ಬಾಲ್‌ನಲ್ಲಿ ರಾಷ್ಟ್ರಮಟ್ಟದ ಲೀಗ್ ಆರಂಭವಾದದ್ದು 1996–97ರಲ್ಲಿ, ನ್ಯಾಷನಲ್ ಫುಟ್‌ಬಾಲ್ ಲೀಗ್ ಎಂಬ ಹೆಸರಿನಲ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅದನ್ನು 2007ರಲ್ಲಿ ಐ-ಲೀಗ್ ಎಂದು ಹೊಸ ರೂಪದಲ್ಲಿ ತಂದಿತು. 2013–14ರದ್ದು ಅದರ ಏಳನೇ ಆವೃತ್ತಿ. ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಒಂದು ಪಂದ್ಯವೂ ಆಗಿನ್ನೂ ನಡೆದಿರಲಿಲ್ಲವಾದ್ದರಿಂದ ದೇಶದ ಚಾಂಪಿಯನ್ ಯಾರು ಎಂಬ ಪ್ರಶ್ನೆಗೆ ಐ-ಲೀಗ್ ಪಟ್ಟಿಯ ತುದಿಯಲ್ಲಿದ್ದ ಹೆಸರೊಂದೇ ಉತ್ತರವಾಗಿತ್ತು.

ಎಷ್ಟು ತಂಡಗಳು ಆಡಿದವು? ಹದಿಮೂರು ಎಂಬ ಬೆಸ ಸಂಖ್ಯೆ ಹೇಗೆ ಬಂತು?

ಅದರ ಹಿಂದಿನ ಋತುವಿನಲ್ಲಿ 14 ತಂಡಗಳಿದ್ದವು. ಕೊನೆಯ ಸ್ಥಾನದಲ್ಲಿದ್ದ ಯುನೈಟೆಡ್ ಸಿಕ್ಕಿಂ ಹಿಂಬಡ್ತಿ ಪಡೆದು ಕೆಳಗಿನ ಡಿವಿಷನ್‌ಗೆ ಇಳಿಯಿತು. ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳನ್ನು ಕ್ಲಬ್ ಲೈಸೆನ್ಸಿನ ಮಾನದಂಡ ಪೂರೈಸಲಿಲ್ಲವೆಂದು ಕೈಬಿಡಲಾಯಿತು. ಫೆಡರೇಷನ್ ಯುವ ಆಟಗಾರರಿಗಾಗಿ ಕಟ್ಟಿದ್ದ ಪೈಲಾನ್ ಆ್ಯರೋಸ್ ತಂಡ ಪ್ರಾಯೋಜಕರ ಹಣಕಾಸಿನ ತೊಂದರೆಯಿಂದ ಮುಚ್ಚಿಹೋಯಿತು. ಉಳಿದ ಹತ್ತರ ಜೊತೆಗೆ ಎರಡನೇ ಡಿವಿಷನ್‌ನಿಂದ ಕೋಲ್ಕತ್ತಾದ ಮೊಹಮ್ಮಡನ್ ಸ್ಪೋರ್ಟಿಂಗ್ ಮತ್ತು ಶಿಲ್ಲಾಂಗ್‌ನ ರಂಗ್ದಾಜಿಡ್ ಯುನೈಟೆಡ್ ಬಡ್ತಿ ಪಡೆದು ಬಂದವು. ಹದಿಮೂರನೆಯದಾಗಿ ಸೇರಿದ್ದು ಬೆಂಗಳೂರು ಎಫ್‌ಸಿ.

ಪ್ರತಿ ತಂಡವೂ ಉಳಿದ ಹನ್ನೆರಡು ತಂಡಗಳನ್ನು ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಎದುರಿಸಬೇಕಾಗಿದ್ದರಿಂದ ತಂಡವೊಂದಕ್ಕೆ 24 ಪಂದ್ಯಗಳಾದವು, ಒಟ್ಟು 156. ಬೆಸ ಸಂಖ್ಯೆಯಿಂದ ಒಂದು ಕಿರಿಕಿರಿಯೂ ಇತ್ತು: ಪ್ರತಿ ಸುತ್ತಿನಲ್ಲಿ ಒಂದು ತಂಡಕ್ಕೆ ಎದುರಾಳಿಯೇ ಇರುತ್ತಿರಲಿಲ್ಲ. ಹೀಗಾಗಿ ಋತುವಿನ ನಡುವೆ ಯಾವ ದಿನ ಅಂಕಪಟ್ಟಿ ತೆಗೆದು ನೋಡಿದರೂ ಎಲ್ಲರೂ ಸಮ ಸಂಖ್ಯೆಯ ಪಂದ್ಯಗಳನ್ನು ಆಡಿರುತ್ತಿರಲಿಲ್ಲ, ಮತ್ತು ಅಂಕಗಳ ಪಕ್ಕದಲ್ಲಿರುವ ಪಂದ್ಯಗಳ ಸಂಖ್ಯೆಯನ್ನು ನೋಡದೆ ಯಾರು ಮುಂದಿದ್ದಾರೆಂದು ಹೇಳುವುದು ದುಡುಕಾಗುತ್ತಿತ್ತು. ಹಳೆಯ ಪತ್ರಿಕೆಗಳಲ್ಲಿ ಆ ವರ್ಷದ ಪಟ್ಟಿಗಳನ್ನು ಹುಡುಕಿ ಓದುವವರು ಇದನ್ನು ಗಮನದಲ್ಲಿಡಬೇಕು.

ಬಡ್ತಿಯಿಲ್ಲದೆ ಬೆಂಗಳೂರು ಎಫ್‌ಸಿಗೆ ನೇರ ಪ್ರವೇಶ ಹೇಗೆ ಸಿಕ್ಕಿತು? ಅದು ನ್ಯಾಯವೇ?

ಲೀಗ್‌ನಲ್ಲಿ ಕ್ಲಬ್ ಇಲ್ಲದ ನಗರಗಳಲ್ಲಿ ಹೊಸ ಕ್ಲಬ್ ಕಟ್ಟಲು ಮುಂದೆ ಬರುವ ಕಂಪನಿಗಳಿಗೆ ನೇರ ಪ್ರವೇಶ ಕೊಡುವುದಾಗಿ ಹೇಳಿ ಫೆಡರೇಷನ್ ಬಿಡ್ ಕರೆದಿತ್ತು. ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರಿಗಾಗಿ ಬಿಡ್ ಸಲ್ಲಿಸಿ ಗೆದ್ದಿತು. ಕ್ಲಬ್‌ನ ಹೆಸರು, ಲಾಂಛನ ಹೊರಬಿದ್ದದ್ದು 2013ರ ಜುಲೈ 20ರಂದು. ಲೀಗ್ ಆರಂಭಕ್ಕೆ ಉಳಿದಿದ್ದದ್ದು ಬರೀ ಎರಡು ತಿಂಗಳು.

ನ್ಯಾಯದ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಎರಡನೇ ಡಿವಿಷನ್‌ನಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದ ಕ್ಲಬ್‌ಗಳ ಕಡೆಯಿಂದ ನೋಡಿದರೆ ಇದು ಹಣ ಕಟ್ಟಿ ಸರತಿ ತಪ್ಪಿಸಿ ಒಳಹೋದಂತೆಯೇ ಕಾಣುತ್ತದೆ. ಇನ್ನೊಂದು ಕಡೆ, ಎಚ್‌ಎಎಲ್ ತಂಡ 2011–12ರಲ್ಲಿ ಹಿಂಬಡ್ತಿ ಪಡೆದ ಮೇಲೆ ಅಗ್ರ ಲೀಗ್‌ನಲ್ಲಿ ಕರ್ನಾಟಕದ ಒಂದು ತಂಡವೂ ಇರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದ ಊರು ಇದು. ಮರುವರ್ಷವೂ ಅದೇ ತಂಡ ಆ ಕಪ್ ಗೆದ್ದಿತ್ತು. ಅಂಥ ಊರಿಗೆ ದೊಡ್ಡ ಲೀಗ್‌ನಲ್ಲಿ ಜಾಗವಿಲ್ಲದಿದ್ದದ್ದೂ ಸರಿಯಾಗಿ ಕಾಣುತ್ತಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ತಕರಾರು ಇರಬೇಕಾದದ್ದು ಬೆಂಗಳೂರಿನ ಪ್ರವೇಶದ ಬಗ್ಗೆಯಲ್ಲ. ಕೆಳಗಿನ ಡಿವಿಷನ್‌ಗೆ ಗಟ್ಟಿಯಾದ ಏಣಿಯೊಂದನ್ನು ಹಾಕಿಕೊಡದ ವ್ಯವಸ್ಥೆಯ ಬಗ್ಗೆ.

ಎರಡು ತಿಂಗಳಲ್ಲಿ ತಂಡ ಕಟ್ಟಿದವರು ಯಾರು? ಯಾರೆಲ್ಲ ಆಡಿದರು?

ಮುಖ್ಯ ಕೋಚ್ ಆಗಿ ಬಂದವರು ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್. ಆಟಗಾರನಾಗಿ ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಅವರು ಇಲ್ಲಿಗೆ ಬರುವ ಮುನ್ನ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕ್ಲಬ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ನಾಯಕ ಸುನಿಲ್ ಚೆಟ್ರಿ. ಅವರು ಹಿಂದಿನ ಋತುವಿನ ಉತ್ತರಾರ್ಧದಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನಿಂದ ಎರವಲಾಗಿ ಗೋವಾದ ಚರ್ಚಿಲ್ ಬ್ರದರ್ಸ್ ಪರ ಆಡಿ ಐ-ಲೀಗ್ ಗೆದ್ದಿದ್ದರು. ಹೀಗಾಗಿ ಸತತ ಎರಡು ವರ್ಷ ಎರಡು ಬೇರೆ ಕ್ಲಬ್‌ಗಳ ಜೊತೆ ಅವರು ಚಾಂಪಿಯನ್ ಆದರು.

ಆಗ ನಾಲ್ವರು ವಿದೇಶಿ ಆಟಗಾರರಿಗೆ ಅವಕಾಶವಿತ್ತು, ಅವರಲ್ಲೊಬ್ಬರು ಏಷ್ಯಾ ಒಕ್ಕೂಟದ ದೇಶದವರಾಗಿರಬೇಕಿತ್ತು. ಬೆಂಗಳೂರು ಈ ನಾಲ್ಕು ಜಾಗಗಳನ್ನು ಬಳಸಿಕೊಂಡ ಬಗೆ ಗಮನಾರ್ಹ. ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ ಇಬ್ಬರೂ ರಕ್ಷಣೆಗೆ. ಲೈಬೀರಿಯಾದ ಜಾನಿ ಮೆನ್ಯೊಂಗರ್ ಮತ್ತು ಏಷ್ಯಾ ಕೋಟಾದಲ್ಲಿ ಆಸ್ಟ್ರೇಲಿಯಾದ ಶಾನ್ ರೂನಿ ದಾಳಿಗೆ. ವಿದೇಶಿ ಎಂದರೆ ಗೋಲು ಹೊಡೆಯುವವನು ಎಂದು ಬಹುತೇಕ ಕ್ಲಬ್‌ಗಳು ಅಂದುಕೊಂಡಿದ್ದ ಕಾಲದಲ್ಲಿ ಎರಡು ಜಾಗಗಳನ್ನು ಹಿಂದಿನ ಸಾಲಿಗೇ ಮೀಸಲಿಡಲು ಧೈರ್ಯ ಬೇಕಿತ್ತು. ಮುಂದೆ ಚೆಟ್ರಿ ಮತ್ತು ಈಸ್ಟ್ ಬೆಂಗಾಲ್‌ನಿಂದ ಬಂದ ಎತ್ತರದ ರಾಬಿನ್ ಸಿಂಗ್ ಇದ್ದುದರಿಂದ ಆ ಧೈರ್ಯ ಫಲ ಕೊಟ್ಟಿತು. ರೈಟ್ ಬ್ಯಾಕ್ ರಿನೊ ಆ್ಯಂಟೊ, ಕೀಗನ್ ಪೆರೇರಾ, ಥೋಯ್ ಸಿಂಗ್, ಮಿಜೋರಾಂನ ಬೈಖೊಖೆಯ್ ಬೆಯಿಂಗೈಚೊ, ಗೋಲ್‌ಕೀಪರ್ ಪವನ್ ಕುಮಾರ್ ತಂಡದ ಇತರ ಪರಿಚಿತ ಹೆಸರುಗಳು.

ತಂಡದಲ್ಲಿ ಕರ್ನಾಟಕದವರು ಇದ್ದರೇ?

ಇದ್ದರು, ಆದರೆ ಕಡಿಮೆ. ಬೆಂಗಳೂರಿನವರೇ ಆದ ಮಿಡ್‌ಫೀಲ್ಡರ್ ಶಂಕರ್ ಸಂಪಂಗಿರಾಜ್ ಅವರಲ್ಲೊಬ್ಬರು. ಸ್ಥಳೀಯರು ಕಡಿಮೆ ಎಂಬ ದೂರು ಇಂದಿಗೂ ಕೇಳಿಬರುತ್ತದೆ, ಅದರಲ್ಲಿ ಹುರುಳೂ ಇದೆ. ಒಂದು ಕಾಲದಲ್ಲಿ ಹರಿವು ಬೆಂಗಳೂರಿನಿಂದ ಹೊರಕ್ಕಿತ್ತು: ಈಸ್ಟ್ ಬೆಂಗಾಲ್‌ನ ಅಭಿಮಾನಿಗಳು ‘ಪಂಚ ಪಾಂಡವರು’ ಎಂದು ಕರೆದ ಐವರು ಫಾರ್ವರ್ಡ್‌ಗಳಲ್ಲಿ ಅಹ್ಮದ್ ಖಾನ್ ನಮ್ಮೂರಿನವರು. ಐಟಿಐ, ಎಚ್‌ಎಎಲ್‌ಗಳಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ಆಟವನ್ನು ಸಾಕಿದ ದಶಕಗಳ ಬಳಿಕ ಆ ಆಸರೆ ಕ್ಷೀಣಿಸಿತು, ಮತ್ತು ಎರಡು ತಿಂಗಳಲ್ಲಿ ಪ್ರಶಸ್ತಿಗೆ ತಕ್ಕ ತಂಡ ಕಟ್ಟಬೇಕಾದ ಕ್ಲಬ್ ದೇಶದ ಎಲ್ಲ ಕಡೆಯಿಂದ ಸಿದ್ಧ ಆಟಗಾರರನ್ನು ಆರಿಸಿಕೊಂಡಿತು.

ಕಂಠೀರವದಲ್ಲಿ ಆಡಲಿಲ್ಲವೇ?

ಆ ಋತುವಿನಲ್ಲಿ ಇಲ್ಲ. ತವರಿನ ಪಂದ್ಯಗಳು ನಡೆದದ್ದು ಅಶೋಕ ನಗರದಲ್ಲಿ, ಗರುಡಾ ಮಾಲ್‌ನ ಹತ್ತಿರವಿರುವ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಕಂಠೀರವಕ್ಕೆ ಹೋದದ್ದು ಮರು ಋತುವಿನಲ್ಲಿ. ಫುಟ್‌ಬಾಲ್ ಕ್ರೀಡಾಂಗಣ ಚಿಕ್ಕದು, ಅಲ್ಲಿ ಅಥ್ಲೆಟಿಕ್ಸ್ ಟ್ರ್ಯಾಕ್ ಅಡ್ಡವಿಲ್ಲದ ಕಾರಣ ಗ್ಯಾಲರಿಯಲ್ಲಿ ಕುಳಿತವರಿಗೆ ಚೆಂಡು ಒದ್ದ ಸದ್ದು ಕೇಳಿಸುತ್ತದೆ. ಅದರ ಪಶ್ಚಿಮ ಭಾಗದ ಸ್ಟ್ಯಾಂಡ್‌ನಲ್ಲಿ ನಿಂತು ತೊಂಬತ್ತು ನಿಮಿಷವೂ ಹಾಡುತ್ತಿದ್ದ ಗುಂಪೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿ ಬಳಗ. ಹೆಸರು ಆ ಸ್ಟ್ಯಾಂಡ್‌ನಿಂದಲೇ ಬಂದದ್ದು. ಮೈದಾನದಲ್ಲಿ ಹಾಸಿದ್ದದ್ದು ಕೃತಕ ಹುಲ್ಲು. ಆಗ ಶಿಲ್ಲಾಂಗ್, ಕೋಲ್ಕತ್ತಾದ ಸಾಲ್ಟ್ ಲೇಕ್ ಮುಂತಾದ ಕಡೆಯೂ ಕೃತಕ ಹುಲ್ಲೇ ಇತ್ತು. ಮಂಡಿ, ಹಿಮ್ಮಡಿಗಳಿಗೆ ಅದು ಕೊಡುವ ಪೆಟ್ಟಿನ ಬಗ್ಗೆ ಆಟಗಾರರು ಗೊಣಗುವುದು ಸಾಮಾನ್ಯ.

ಮೊದಲ ಪಂದ್ಯದಲ್ಲಿ ಏನಾಯಿತು?

2013ರ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ ತವರಿನಲ್ಲಿ 1–1ರ ಡ್ರಾ. ಕ್ಲಬ್‌ನ ಇತಿಹಾಸದ ಮೊದಲ ಲೀಗ್ ಗೋಲು ಶಾನ್ ರೂನಿಯದ್ದು.

ಪ್ರಶಸ್ತಿ ಯಾವಾಗ, ಹೇಗೆ ಖಚಿತವಾಯಿತು? ಫೈನಲ್ ಇತ್ತೇ?

ಫೈನಲ್ ಇರಲಿಲ್ಲ. ಐಪಿಎಲ್ ಮತ್ತು ಐಎಸ್‌ಎಲ್ ನೋಡಿ ಬೆಳೆದವರು ಈ ಪ್ರಶ್ನೆಯನ್ನು ಹೆಚ್ಚು ಕೇಳುತ್ತಾರೆ. ಇಲ್ಲಿ ಸೆಮಿಫೈನಲ್, ಪ್ಲೇ-ಆಫ್ ಯಾವುದೂ ಇಲ್ಲ. ಗೆಲುವಿಗೆ ಮೂರು, ಡ್ರಾಗೆ ಒಂದು ಅಂಕದಂತೆ ಎಲ್ಲ ಪಂದ್ಯಗಳ ಲೆಕ್ಕ ಮುಗಿದಾಗ ಮೇಲಿರುವವರು ಚಾಂಪಿಯನ್.

ಬೆಂಗಳೂರಿಗೆ ಆ ಲೆಕ್ಕ ಕೊನೆಯ ಪಂದ್ಯದವರೆಗೂ ಹೋಗಲಿಲ್ಲ. 2014ರ ಏಪ್ರಿಲ್ 21ರಂದು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿದಾಗ, ಇನ್ನೂ ಒಂದು ಪಂದ್ಯ ಬಾಕಿಯಿರುವಾಗಲೇ ಪ್ರಶಸ್ತಿ ಕೈಸೇರಿತು. ಗೆದ್ದ ಸ್ಥಳಕ್ಕೂ ಸೋತ ತಂಡಕ್ಕೂ ಇಲ್ಲಿ ಅರ್ಥವಿದೆ. ಐ-ಲೀಗ್‌ನ ಮೊದಲ ಆರು ಪ್ರಶಸ್ತಿಗಳೂ ಗೋವಾಕ್ಕೇ ಹೋಗಿದ್ದವು: ಡೆಂಪೊ ಮೂರು, ಚರ್ಚಿಲ್ ಬ್ರದರ್ಸ್ ಎರಡು, ಸಾಲ್ಗಾಂವ್‌ಕರ್ ಒಂದು. ಆ ಸರಪಳಿ ತುಂಡಾದದ್ದು ಗೋವಾದ ನೆಲದಲ್ಲಿ, ಅತಿ ಹೆಚ್ಚು ಬಾರಿ ಗೆದ್ದ ತಂಡದ ಎದುರಿಗೇ. ಇನ್ನೂ ಹಿಂದಕ್ಕೆ, ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ಕಾಲಕ್ಕೆ ಹೋದರೂ ಪಂಜಾಬ್, ಕೋಲ್ಕತ್ತಾ, ಗೋವಾ, ಮುಂಬೈ ಬಿಟ್ಟು ಬೇರೆಲ್ಲಿಯ ಕ್ಲಬ್ಬೂ ದೇಶದ ಲೀಗ್ ಗೆದ್ದಿರಲಿಲ್ಲ.

ಬೆಂಗಳೂರಿನ ಅಂತಿಮ ಲೆಕ್ಕ ಹೀಗಿದೆ: 24 ಪಂದ್ಯ, 14 ಗೆಲುವು, 5 ಡ್ರಾ, 5 ಸೋಲು, 47 ಅಂಕ. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43 ಅಂಕ, ಮೂರನೇ ಸ್ಥಾನ ಸಾಲ್ಗಾಂವ್‌ಕರ್‌ಗೆ. ಸಿಗಬಹುದಾಗಿದ್ದ 72ರಲ್ಲಿ 47 ಅಂದರೆ ಎಲ್ಲರನ್ನೂ ಧೂಳೀಪಟ ಮಾಡಿದ ಗೆಲುವೇನಲ್ಲ. ಐದು ಬಾರಿ ಸೋತ ತಂಡ ಅದು. ಬೇರೆಯವರು ಅದಕ್ಕಿಂತ ಹೆಚ್ಚು ಎಡವಿದರು, ಬೆಂಗಳೂರು ಎಡವಿದ ಮೇಲೆ ಬೇಗ ಎದ್ದಿತು. ಒಪ್ಪಂದದ ಸಂಬಳ, ನಿಗದಿತ ತರಬೇತಿ, ಕಟ್ಟುನಿಟ್ಟಾದ ಫಿಟ್‌ನೆಸ್ ಇವೆಲ್ಲ ಏಳು ತಿಂಗಳ ಲೀಗ್‌ನ ಕೊನೆಯಲ್ಲಿ ಫಲ ಕೊಡುವ ಸಂಗತಿಗಳು.

ಅತಿ ಹೆಚ್ಚು ಗೋಲು ಯಾರದ್ದು?

ಮೂವರು ತಲಾ 14 ಗೋಲು ಹೊಡೆದು ಮೊದಲ ಸ್ಥಾನ ಹಂಚಿಕೊಂಡರು: ಬೆಂಗಳೂರಿನ ಸುನಿಲ್ ಚೆಟ್ರಿ, ಸಾಲ್ಗಾಂವ್‌ಕರ್‌ನ ಸ್ಕಾಟ್ಲೆಂಡ್ ಆಟಗಾರ ಡ್ಯಾರಿಲ್ ಡಫಿ ಮತ್ತು ಶಿಲ್ಲಾಂಗ್ ಲಜಾಂಗ್ ಪರ ಆಡಿದ ಟ್ರಿನಿಡಾಡ್‌ನ ಕಾರ್ನೆಲ್ ಗ್ಲೆನ್. ವಿದೇಶಿ ಫಾರ್ವರ್ಡ್‌ಗಳೇ ಗೋಲುಪಟ್ಟಿ ಆಳುತ್ತಿದ್ದ ಲೀಗ್‌ನಲ್ಲಿ ಭಾರತೀಯನೊಬ್ಬ ತುದಿಯಲ್ಲಿ ಕಾಣಿಸಿಕೊಂಡದ್ದು ಸಣ್ಣ ಮಾತಲ್ಲ.

ಈಸ್ಟ್ ಬೆಂಗಾಲ್ ಯಾಕೆ ಹಿಂದೆ ಬಿತ್ತು?

ಲೀಗ್ ಆರಂಭವಾದಾಗ ಈಸ್ಟ್ ಬೆಂಗಾಲ್ ಏಷ್ಯಾದ ಎರಡನೇ ಹಂತದ ಟೂರ್ನಿಯಾದ ಎಎಫ್‌ಸಿ ಕಪ್‌ನ ಕೊನೆಯ ಘಟ್ಟದಲ್ಲಿತ್ತು. ಸೆಮಿಫೈನಲ್‌ವರೆಗೆ ಹೋಗಿ ಕುವೈತ್‌ನ ತಂಡಕ್ಕೆ ಸೋತಿತು. ಆ ಸಾಧನೆಗೆ ತೆತ್ತ ಬೆಲೆಯೆಂದರೆ ತಡವಾಗಿ ಆಡಬೇಕಾದ ಲೀಗ್ ಪಂದ್ಯಗಳು ಮತ್ತು ದಣಿದ ಕಾಲುಗಳು. ನವೆಂಬರ್‌ನಲ್ಲಿ ಬ್ರೆಜಿಲ್‌ನ ಕೋಚ್ ಮಾರ್ಕೊಸ್ ಫಲೋಪಾ ಹೋಗಿ, ಡೆಂಪೊವನ್ನು ಐದು ಬಾರಿ ರಾಷ್ಟ್ರೀಯ ಲೀಗ್ ಚಾಂಪಿಯನ್ ಮಾಡಿದ್ದ ಅರ್ಮಾಂಡೊ ಕೊಲಾಸೊ ಬಂದರು. ಅವರ ಕೈಯಲ್ಲಿ ತಂಡ ಚೇತರಿಸಿಕೊಂಡು ಎರಡನೇ ಸ್ಥಾನದವರೆಗೆ ಏರಿತಾದರೂ 2003–04ರ ನಂತರ ಕೈಗೆಟುಕದ ಲೀಗ್ ಪ್ರಶಸ್ತಿ ಆಗಲೂ ಕೈಗೆಟುಕಲಿಲ್ಲ.

ಕಪ್ ಗೆದ್ದ ತಂಡಗಳೇ ಲೀಗ್‌ನ ತಳದಲ್ಲಿದ್ದವು ಎನ್ನುತ್ತಾರೆ, ನಿಜವೇ?

ನಿಜ, ಈ ಋತುವಿನ ಅತ್ಯಂತ ವಿಚಿತ್ರ ಸಂಗತಿ ಅದೇ. ಮೊಹಮ್ಮಡನ್ ಸ್ಪೋರ್ಟಿಂಗ್ 2013ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಒಎನ್‌ಜಿಸಿಯನ್ನು ಸೋಲಿಸಿ ಡ್ಯೂರಾಂಡ್ ಕಪ್ ಗೆದ್ದಿತು. ಕೆಲವು ತಿಂಗಳ ಬಳಿಕ ಬಾಂಗ್ಲಾದೇಶದ ಶೇಖ್ ಜಮಾಲ್ ಧನ್ಮಂಡಿ ಕ್ಲಬ್ ವಿರುದ್ಧ ಪೆನಾಲ್ಟಿಗಳಲ್ಲಿ ಗೆದ್ದು ಐಎಫ್‌ಎ ಶೀಲ್ಡ್ ಅನ್ನೂ ಎತ್ತಿಕೊಂಡಿತು. ಅದೇ ತಂಡ ಲೀಗ್‌ನಲ್ಲಿ ಹದಿಮೂರನೆಯದಾಗಿ ಹಿಂಬಡ್ತಿ ಪಡೆಯಿತು. ಹಾಲಿ ಚಾಂಪಿಯನ್ ಚರ್ಚಿಲ್ ಬ್ರದರ್ಸ್ 2014ರ ಜನವರಿಯಲ್ಲಿ ಕೊಚ್ಚಿಯಲ್ಲಿ ಸ್ಪೋರ್ಟಿಂಗ್ ಗೋವಾವನ್ನು 3–1ರಿಂದ ಮಣಿಸಿ ಫೆಡರೇಷನ್ ಕಪ್ ಗೆದ್ದಿತು. ಲೀಗ್‌ನಲ್ಲಿ ಮಾತ್ರ ಕೆಳಗಿನ ಸ್ಥಾನಗಳಲ್ಲೇ ಹೊಯ್ದಾಡಿತು. ಕೆಲವೇ ಪಂದ್ಯಗಳಲ್ಲಿ ಮುಗಿಯುವ ಕಪ್ ಟೂರ್ನಿಯನ್ನು ಒಳ್ಳೆಯ ಹನ್ನೊಂದು ಜನರು ಒಂದು ಒಳ್ಳೆಯ ವಾರದಲ್ಲಿ ಗೆದ್ದುಬಿಡಬಹುದು. ಲೀಗ್ ಕೇಳುವುದು ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು, ತಿಂಗಳು ತಿಂಗಳೂ ತಪ್ಪದ ಸಂಬಳವನ್ನು.

ಹಿಂಬಡ್ತಿ ಒಂದೇ ತಂಡಕ್ಕೆ ಎಂದಮೇಲೆ ಮರುವರ್ಷ ಇನ್ನೂ ಮೂರು ತಂಡಗಳು ಕಾಣೆಯಾದದ್ದೇಕೆ?

ಮೈದಾನದ ಫಲಿತಾಂಶದಿಂದ ಹೊರಹೋದದ್ದು ಮೊಹಮ್ಮಡನ್ ಮಾತ್ರ. ಚರ್ಚಿಲ್ ಬ್ರದರ್ಸ್, ಕೋಲ್ಕತ್ತಾದ ಯುನೈಟೆಡ್ ಎಸ್‌ಸಿ ಮತ್ತು ರಂಗ್ದಾಜಿಡ್ ಯುನೈಟೆಡ್ ತಂಡಗಳನ್ನು 2014ರಲ್ಲಿ ಕ್ಲಬ್ ಲೈಸೆನ್ಸಿನ ಮಾನದಂಡ ಪೂರೈಸದ ಕಾರಣಕ್ಕೆ ಮರು ಋತುವಿನಿಂದ ಕೈಬಿಡಲಾಯಿತು.

ಈ ಲೈಸೆನ್ಸ್ ಏಷ್ಯಾ ಫುಟ್‌ಬಾಲ್ ಒಕ್ಕೂಟ ರೂಪಿಸಿದ ವ್ಯವಸ್ಥೆ. ಅದು ಐದು ವಿಷಯಗಳನ್ನು ಪರಿಶೀಲಿಸುತ್ತದೆ: ಆಟದ ವ್ಯವಸ್ಥೆ (ಅದರಲ್ಲೂ ಯುವ ತಂಡಗಳು), ಕ್ರೀಡಾಂಗಣ ಮತ್ತು ತರಬೇತಿ ಸೌಲಭ್ಯ, ಅರ್ಹ ಸಿಬ್ಬಂದಿ, ಕಾನೂನಿನ ಸ್ಥಿತಿ, ಹಣಕಾಸು. ಕೊನೆಯ ಎರಡರಲ್ಲೇ ನಮ್ಮ ಕ್ಲಬ್‌ಗಳು ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವು. ಕ್ಲಬ್ ಸ್ವತಂತ್ರ ಕಾನೂನುಬದ್ಧ ಸಂಸ್ಥೆಯಾಗಿರಬೇಕು, ಆಡಿಟ್ ಆದ ಲೆಕ್ಕಪತ್ರ ಇರಬೇಕು, ಆಟಗಾರರಿಗೆ ಕೊಡಬೇಕಾದ ಬಾಕಿ ಇರಕೂಡದು. ಏರ್ ಇಂಡಿಯಾ, ಒಎನ್‌ಜಿಸಿಯಂಥ ತಂಡಗಳಲ್ಲಿ ಆಟಗಾರರು ಕಂಪನಿಯ ನೌಕರರೇ ಹೊರತು ಕ್ಲಬ್‌ನ ಒಪ್ಪಂದದವರಲ್ಲ. ತಂಡವೇ ಕಂಪನಿಯ ಒಂದು ವಿಭಾಗ. ಅವು ಎಷ್ಟು ಚೆನ್ನಾಗಿ ಆಡಿದರೂ ಈ ಚೌಕಟ್ಟಿನಲ್ಲಿ ಕೂರುವುದು ಕಷ್ಟವಿತ್ತು. ಸರ್ಕಾರಿ ಕಾರ್ಖಾನೆಗಳ ತಂಡಗಳಿಂದಲೇ ಬೆಳೆದ ಬೆಂಗಳೂರಿನ ಫುಟ್‌ಬಾಲ್‌ಗೆ ಇದರ ಅರ್ಥ ಸ್ಪಷ್ಟ: ಎಚ್‌ಎಎಲ್ ಅಥವಾ ಐಟಿಐ ಹಳೆಯ ರೂಪದಲ್ಲೇ ಅಗ್ರ ಲೀಗ್‌ಗೆ ಮರಳುವ ದಾರಿ ಹೆಚ್ಚುಕಡಿಮೆ ಮುಚ್ಚಿತ್ತು.

ನಿಯಮ ಸರಿಯೇ ಎಂದರೆ, ಉದ್ದೇಶ ಸರಿ. ಸಂಬಳ ಸಿಗದೆ ಪರದಾಡುವ ಆಟಗಾರನಿಗೆ ಇದಕ್ಕಿಂತ ಬೇರೆ ರಕ್ಷಣೆ ಇರಲಿಲ್ಲ. ಆದರೆ ಪ್ರೇಕ್ಷಕರು, ಪ್ರಸಾರದ ಆದಾಯ ಎರಡೂ ತೆಳುವಾಗಿದ್ದ ಲೀಗ್‌ನಲ್ಲಿ ಕ್ಲಬ್‌ಗೆ ಹಣದ ಮೂಲ ತೋರಿಸದೆ ಹಣಕಾಸಿನ ಶಿಸ್ತು ಬೇಡುವುದು ಅರ್ಧ ಕೆಲಸ.

ಐಎಸ್‌ಎಲ್ ಬರುತ್ತಿರುವುದು ಆಗಲೇ ಗೊತ್ತಿತ್ತೇ?

ಗೊತ್ತಿತ್ತು, ಮತ್ತು ಋತುವಿನ ಉದ್ದಕ್ಕೂ ಅದರ ನೆರಳಿತ್ತು. ಫೆಡರೇಷನ್ 2010ರ ಡಿಸೆಂಬರ್‌ನಲ್ಲಿ ಐಎಂಜಿ-ರಿಲಯನ್ಸ್ ಜೊತೆ 15 ವರ್ಷಗಳ, 700 ಕೋಟಿ ರೂಪಾಯಿಗಳ ವಾಣಿಜ್ಯ ಒಪ್ಪಂದ ಮಾಡಿಕೊಂಡಿತ್ತು. ಹೊಸ ಲೀಗ್‌ನ ಘೋಷಣೆಯಾದದ್ದು 2013ರ ಅಕ್ಟೋಬರ್‌ನಲ್ಲಿ, ಅಂದರೆ ಈ ಋತು ಆರಂಭವಾಗಿ ಒಂದು ತಿಂಗಳಾಗುವ ಹೊತ್ತಿಗೆ. 2014ರ ಏಪ್ರಿಲ್‌ನಲ್ಲಿ ನಗರವಾರು ಮಾಲೀಕರ ಹೆಸರು ಹೊರಬಿದ್ದಾಗ ಬೆಂಗಳೂರಿನ ಫ್ರಾಂಚೈಸಿ ಸನ್ ಸಮೂಹಕ್ಕೆ ಹೋಗಿತ್ತು, ಜೆಎಸ್‌ಡಬ್ಲ್ಯುಗಲ್ಲ. ನಗರದ ಕ್ಲಬ್ ದೇಶದ ಲೀಗ್ ಗೆದ್ದ ತಿಂಗಳಲ್ಲೇ ಅದೇ ನಗರಕ್ಕೆ ಬೇರೊಂದು ತಂಡ ಬರುವ ಮಾತು ನಡೆದಿತ್ತು. ಆ ಸಮೂಹ ಹಿಂದೆ ಸರಿಯಿತು, ಜಾಗ ಚೆನ್ನೈಗೆ ಹೋಯಿತು. 2014ರ ಅಕ್ಟೋಬರ್ 12ರಂದು ಐಎಸ್‌ಎಲ್ ಆರಂಭವಾದಾಗ ಅದರಲ್ಲಿ ಬೆಂಗಳೂರು ಇರಲಿಲ್ಲ.

ಚಾಂಪಿಯನ್ ಆದದ್ದರಿಂದ ಬೆಂಗಳೂರಿಗೆ ಸಿಕ್ಕಿದ್ದೇನು?

ಏಷ್ಯಾದ ಬಾಗಿಲು ತೆರೆಯಿತು. 2015ರಲ್ಲಿ ಎಎಫ್‌ಸಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯದಲ್ಲಿ ಮಲೇಷ್ಯಾದ ಜೊಹೊರ್ ತಂಡಕ್ಕೆ ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋತು ಎಎಫ್‌ಸಿ ಕಪ್‌ಗೆ ಇಳಿಯಿತು. 2016ರಲ್ಲಿ ಅದೇ ಕಪ್‌ನ ಫೈನಲ್‌ಗೆ ಹೋಗಿ ದೋಹಾದಲ್ಲಿ ಇರಾಕ್‌ನ ಏರ್‌ಫೋರ್ಸ್ ಕ್ಲಬ್‌ಗೆ 1–0ರಿಂದ ಮಣಿಯಿತು. ಐ-ಲೀಗ್ ಅನ್ನು 2015–16ರಲ್ಲಿ ಮತ್ತೆ ಗೆದ್ದಿತು. ನಡುವಿನ ವರ್ಷ, 2015ರ ಮೇ 31ರಂದು, ಕಂಠೀರವದಲ್ಲಿ ಕೊನೆಯ ನಿಮಿಷಗಳಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಪ್ರಶಸ್ತಿಯನ್ನು ಮೋಹನ್ ಬಾಗಾನ್‌ಗೆ ಕೊಟ್ಟದ್ದನ್ನು ಇಲ್ಲಿನ ಅಭಿಮಾನಿಗಳು ಇನ್ನೂ ಮರೆತಿಲ್ಲ. 2017ರಲ್ಲಿ ಕ್ಲಬ್ ಐಎಸ್‌ಎಲ್ ಸೇರಿತು, 2018–19ರಲ್ಲಿ ಎಫ್‌ಸಿ ಗೋವಾವನ್ನು ಸೋಲಿಸಿ ಅದನ್ನೂ ಗೆದ್ದಿತು.

ಆ ಹದಿಮೂರು ತಂಡಗಳು ಈಗ ಎಲ್ಲಿವೆ?

ಬೇಗ ಕಣ್ಮರೆಯಾದದ್ದು ಪುಣೆ ಎಫ್‌ಸಿ. 2015ರಲ್ಲೇ ಅದರ ಹಿರಿಯರ ತಂಡ ಮುಚ್ಚಿತು. ಸಾಲ್ಗಾಂವ್‌ಕರ್ ಮತ್ತು ಸ್ಪೋರ್ಟಿಂಗ್ ಗೋವಾ 2016ರಲ್ಲಿ ಫೆಡರೇಷನ್‌ನ ಲೀಗ್ ಯೋಜನೆಯನ್ನು ವಿರೋಧಿಸಿ ಐ-ಲೀಗ್ ತೊರೆದವು. ಮುಂಬೈ ಎಫ್‌ಸಿ 2016–17ರಲ್ಲಿ ಹಿಂಬಡ್ತಿ ಪಡೆದ ಮೇಲೆ ನಿಂತೇಹೋಯಿತು. ಡೆಂಪೊ 2014–15ರಲ್ಲೇ ಕೆಳಗಿಳಿದು, ಬಹುಕಾಲ ರಾಷ್ಟ್ರೀಯ ಲೀಗ್‌ನಿಂದ ದೂರವಿದ್ದು, 2024–25ರಲ್ಲಿ ಐ-ಲೀಗ್‌ಗೆ ಮರಳಿತು. ಅಷ್ಟರಲ್ಲಿ ಐ-ಲೀಗ್ ಎರಡನೇ ಹಂತದ ಲೀಗ್ ಆಗಿತ್ತು. ಚರ್ಚಿಲ್ ಬ್ರದರ್ಸ್ 2016–17ರಲ್ಲಿ ಹಿಂದಿರುಗಿತು. ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ 2020ರಲ್ಲಿ ಐಎಸ್‌ಎಲ್ ಸೇರಿದವು. ಎರಡು ಕಪ್ ಗೆದ್ದೂ ಕೆಳಗಿಳಿದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಮಾತ್ರ ಬೇರೆ ದಾರಿಯಿಂದ ಮೇಲೆ ಬಂತು: 2023–24ರ ಐ-ಲೀಗ್ ಗೆದ್ದು, ಬಡ್ತಿಯ ಮೂಲಕವೇ ಐಎಸ್‌ಎಲ್ ಪ್ರವೇಶಿಸಿತು.